ಕೇಪಿನ ಕೋವಿ, ಕರಿಮದ್ದು, ದೂರದ ಗುರಿ: ಮಾಡಬೇಕಾದ್ದು, ಮಾಡಬಾರದ್ದು

ಇಚಿಲಂಪಾಡಿ, ಕೌಕ್ರಾಡಿ, ನೆಲ್ಯಾಡಿ, ರೆಂಜಿಲಾಡಿ ಕಡೆಯ ಬೆಳೆ ರಕ್ಷಣೆ ಕೋವಿಯ ಪರವಾನಗಿದಾರರಿಗೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬಂದು ತೋಟದಲ್ಲೇ ಕೈ ಪಳಗಿಸಲು ಹೊರಟವರಿಗೆ. ಹೊರದೇಶದಲ್ಲಿದ್ದು ಕರಿಮದ್ದಿನ ರೈಫಲ್ ಹಿಡಿದ ಊರಿನ ಮಕ್ಕಳಿಗೆ.

ತಪ್ಪಿದರೆ ಆಗುವುದು ಇಷ್ಟು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಹೋಗುವುದು ನಳಿಗೆ ಹಿಡಿದ ಕೈ. ಕಿಡಿ ಉಳಿದ ನಳಿಗೆಗೆ ಮದ್ದು ಸುರಿದರೆ ಮುಖ ಸುಡುತ್ತದೆ. ದಿಬ್ಬ ತಪ್ಪಿದ ಗುಂಡು ಆಚೆ ಮನೆಯ ಅಂಗಳಕ್ಕೆ ಬೀಳುತ್ತದೆ. ಪರವಾನಗಿ ಇಲ್ಲದೆ ಕೋವಿ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಮದುವೆ, ಜಾತ್ರೆಯ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರನ್ನು ಅಪಾಯಕ್ಕೆ ತಳ್ಳಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೆಳಗೆ ಇವನ್ನು ಮತ್ತೆ ಹೇಳುವುದಿಲ್ಲ.

ಕೇಪಿನ ಕೋವಿ ರೈಫಲ್ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಳಿಗೆ ನುಣುಪಾದ ಬೇರೆ ಕೋವಿ. ನುಣುಪು ನಳಿಗೆ ಗುಂಡನ್ನು ತಿರುಗಿಸುವುದಿಲ್ಲ. ತಿರುಗದ ಗುಂಡು ಐವತ್ತು ಮೀಟರ್ ದಾಟಿದ ಮೇಲೆ ತನಗೆ ಬೇಕಾದ ಕಡೆ ಹೋಗುತ್ತದೆ. ಮದ್ದು ಹೆಚ್ಚು ಹಾಕಿದರೆ ಹೊಗೆ ಹೆಚ್ಚು, ಹಿನ್ನೂಕು ಹೆಚ್ಚು, ಗುರಿ ಅಷ್ಟೇ. ಗುರಿ ಕಟ್ಟುವುದು ಪ್ರತಿ ಸಲವೂ ಒಂದೇ ಅಳತೆ, ಒಂದೇ ಒತ್ತು. ರೈಫಲಿಗೂ ಈ ಮಾತು ಅಷ್ಟೇ ಸರಿ.

ಮಾಡಬೇಕಾದ್ದು

ಕಾಗದಪತ್ರ

• ಕೋವಿ ಮನೆಯಿಂದ ಹೊರಟರೆ ಪರವಾನಗಿ ಪುಸ್ತಕವನ್ನೂ ಒಯ್ಯಿರಿ.
• ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಕೊಡಿ.
• ಪುಸ್ತಕದಲ್ಲಿ ಬರೆದ ಪ್ರಮಾಣ ಓದಿ. ಮದ್ದು, ಕೇಪು ಅಷ್ಟೇ ತನ್ನಿ.
• ಬೆಳೆ ರಕ್ಷಣೆಗೆ ಕೊಟ್ಟ ಕೋವಿಯನ್ನು ಅಭ್ಯಾಸಕ್ಕೋ ಸ್ಪರ್ಧೆಗೋ ತೆಗೆಯುವ ಮೊದಲು ಠಾಣೆಯಲ್ಲಿ ಲಿಖಿತ ಅನುಮತಿ ಕೇಳಿ.
• ಚುನಾವಣೆಗೆ ಠೇವಣಿ ಇಡಲು ಆದೇಶ ಬಂದರೆ ಕೋವಿ ಖಾಲಿ ಮಾಡಿ ಒಪ್ಪಿಸಿ.
• ಒಪ್ಪಿಸಿದ್ದಕ್ಕೆ ರಶೀದಿ ಪಡೆಯಿರಿ.
• ವಿನಾಯಿತಿ ಬೇಕಿದ್ದರೆ ಪ್ರಾಣಿ ಹಾವಳಿಯ ವಿವರ ಬರೆದು ಗಡುವಿನೊಳಗೆ ಅರ್ಜಿ ಹಾಕಿ.
• ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ತಡಮಾಡದೆ ಠಾಣೆಗೆ ಒಪ್ಪಿಸಿ. ವಾರಸುದಾರರ ಅರ್ಜಿ ಆಮೇಲೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕಾಯ್ದೆಯಿಂದ ವಿನಾಯಿತಿ ಇದೆ. ಅದು ಅವರಿಗೆ ಮಾತ್ರ, ಸಂಪಾಜೆ ಘಾಟಿಯ ಈಚೆಯ ಉಳಿದವರಿಗೆ ಇಲ್ಲ. ಮಡಿಕೇರಿಯ ನೆಂಟರ ಮನೆಯಲ್ಲಿ ಕಂಡದ್ದು ಇಚಿಲಂಪಾಡಿಯಲ್ಲಿ ಕಾನೂನಲ್ಲ.

ಮದ್ದು, ಸೀಸ

• ಮದ್ದನ್ನು ಪರವಾನಗಿ ಇರುವ ಅಂಗಡಿಯಿಂದಲೇ ಕೊಳ್ಳಿ.
• ಬಂದ ಡಬ್ಬಿಯಲ್ಲೇ ಇಡಿ.
• ಡಬ್ಬಿ, ಕೇಪು, ಕೋವಿ ಮೂರನ್ನೂ ಬೇರೆ ಬೇರೆ ಕಡೆ ಬೀಗ ಹಾಕಿ ಇಡಿ.
• ಅಳೆಯಲು ಹಿತ್ತಾಳೆಯದೋ ತಾಮ್ರದ್ದೋ ಪಾತ್ರೆ ಬಳಸಿ. ಕಬ್ಬಿಣ ಕಿಡಿ ಹಾರಿಸುತ್ತದೆ.
• ತೇವ ಹಿಡಿದು ಗಟ್ಟಿಯಾದ ಮದ್ದನ್ನು ಬಕೆಟ್ ನೀರಿಗೆ ಸುರಿಯಿರಿ; ಪೆಟ್ಲುಪ್ಪು ಕರಗಿದರೆ ಮದ್ದು ಸಾಯುತ್ತದೆ.
• ಸೀಸವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕರಗಿಸಿ.
• ಅಚ್ಚು, ಸೌಟು ಪೂರ್ತಿ ಒಣಗಿವೆಯೇ ನೋಡಿ. ಒಂದು ಹನಿ ನೀರು ಬಿದ್ದರೂ ಕಾದ ಸೀಸ ಮೈಮೇಲೆ ಎರಚುತ್ತದೆ.
• ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸಾಬೂನು ಹಾಕಿ ತೊಳೆಯಿರಿ.

ತುಂಬುವುದು

ಇಲ್ಲಿ ಅವಸರ ಇರುವವರು ಕೋವಿ ಕೆಳಗಿಡಿ.

• ಜಡಿಯುವ ಕೋಲನ್ನು ಖಾಲಿ ನಳಿಗೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟದಲ್ಲಿ ಕೋಲಿಗೆ ಒಂದು ಗೀರು ಹಾಕಿ.
• ಸರಿಯಾದ ಅಳತೆಯ ಮದ್ದು, ಗುಂಡು ಕೂತ ಮೇಲೆ ಅದೇ ಕೋಲಿಗೆ ಎರಡನೇ ಗೀರು ಹಾಕಿ.
• ಕೋವಿ ಕೈಗೆ ಬಂದಾಗಲೆಲ್ಲ ಮೊದಲು ಕೋಲು ಇಳಿಸಿ ಗೀರು ನೋಡಿ.

ಮೊದಲ ಗೀರು ಬಾಯಿಗೆ ಸರಿಯಾದರೆ ಕೋವಿ ಖಾಲಿ. ಎರಡನೆಯದು ಸರಿಯಾದರೆ ತುಂಬಿದೆ. ಎರಡನೆಯ ಗೀರು ಬಾಯಿಗಿಂತ ಮೇಲೆ ನಿಂತಿದ್ದರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ಇಲ್ಲವೇ ಎರಡು ಸಲ ತುಂಬಿದ್ದಾಗಿದೆ. ಅಲ್ಲೇ ನಿಲ್ಲಿಸಿ. ಅಪ್ಪನ ಕಾಲದಿಂದ ಗೋಡೆಗೆ ತೂಗುಬಿದ್ದ ಕೋವಿಯಲ್ಲಿ ಹಳೆಯ ಮದ್ದು ಹಾಗೇ ಕೂತಿರುವುದುಂಟು. ಅದು ಸತ್ತಿರುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

• ನಳಿಗೆಯ ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ.
• ಮದ್ದು ಹಾಕುವ ಮೊದಲು ಬರೀ ಕೇಪು ಒಂದನ್ನು ಸಿಡಿಸಿ. ಬಾಯಿಯ ಮುಂದೆ ನೆಲದ ಮೇಲಿಟ್ಟ ಹಸಿರೆಲೆ ಅಲುಗಿದರೆ ಕಿಡಿಯ ದಾರಿ ತೆರೆದಿದೆ.
• ಕೋವಿಯ ಬಾಯಿಯನ್ನು ಮುಖದಿಂದ ದೂರಕ್ಕೆ ವಾಲಿಸಿ ನಿಲ್ಲಿಸಿ.
• ಮದ್ದನ್ನು ಅಳತೆಯ ಪಾತ್ರೆಗೆ ಸುರಿದು, ಡಬ್ಬಿ ಮುಚ್ಚಿ ದೂರ ಇಡಿ.
• ಆಮೇಲೆ ಪಾತ್ರೆಯಿಂದ ನಳಿಗೆಗೆ ಸುರಿಯಿರಿ.
• ಗುಂಡಿಗೆ ಸುತ್ತುವ ಬಟ್ಟೆ ಹತ್ತಿಯದನ್ನೇ ಬಳಸಿ. ನೈಲಾನ್ ಕರಗಿ ನಳಿಗೆಗೆ ಅಂಟುತ್ತದೆ.
• ಆ ಬಟ್ಟೆಗೆ ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿದ ಮುಲಾಮು ಸವರಿ. ನಮ್ಮ ಸೆಕೆಗೆ ಮೇಣ ಜಾಸ್ತಿ ಇರಲಿ.
• ಕೋಲನ್ನು ಗೇಣುದ್ದ ಮಾತ್ರ ಬಿಟ್ಟು ಹಿಡಿದು, ಸ್ವಲ್ಪ ಸ್ವಲ್ಪವೇ ಒತ್ತಿ. ಉದ್ದಕ್ಕೆ ಹಿಡಿದ ಕೋಲು ಮುರಿದು ಅಂಗೈ ತೂರುತ್ತದೆ.
• ಗುಂಡು ಮದ್ದಿಗೆ ತಾಗಿ ಕೂರುವವರೆಗೆ ಒತ್ತಿ, ಎರಡನೇ ಗೀರು ನೋಡಿ.
• ಕೋಲನ್ನು ನಳಿಗೆಯಿಂದ ಹೊರತೆಗೆಯಿರಿ.
• ಗುರಿಯ ಕಡೆ ತಿರುಗಿದ ಮೇಲೆ ಮಾತ್ರ ಕೇಪು ಕೂರಿಸಿ.
• ಹೊಡೆದ ಮೇಲೆ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಮತ್ತೆ ಒಣ ಬಟ್ಟೆ ಹಾಯಿಸಿ. ಆಮೇಲೆ ಮುಂದಿನ ಮದ್ದು.

ಕೇಪು ಸಿಡಿದು ಮದ್ದು ಸಿಡಿಯದಿದ್ದರೆ

• ಕೋವಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ನಿಲ್ಲಿ.
• ಪಕ್ಕದವರಿಗೆ ಕೂಗಿ ಹೇಳಿ.
• ಹೊಸ ಕೇಪು ಕೂರಿಸಿ ಮತ್ತೊಮ್ಮೆ ಹೊಡೆಯಿರಿ.
• ಆಗಲೂ ಸಿಡಿಯದಿದ್ದರೆ ಕೇಪು ತೆಗೆದು, ನಿಪ್ಪಲ್ ಮೂಲಕ ನೀರು ಬಿಟ್ಟು ಮದ್ದು ನೆನೆಸಿ.
• ನೆನೆದ ಮೇಲೆ ಗುಂಡು ತೆಗೆಯುವ ತಿರುಪಿನಿಂದ ಗುಂಡನ್ನು ಹೊರಗೆಳೆಯಿರಿ.

ಅಭ್ಯಾಸ

• ಮೊದಲ ಆಯ್ಕೆ ರೈಫಲ್ ಸಂಘದ ರೇಂಜ್, ಅಲ್ಲಿಗೆ ಹೋಗಿ.
• ಬೇರೆಡೆ ಅನುಮತಿ ಸಿಕ್ಕಿದ್ದರೆ ಗುರಿಯ ಹಿಂದೆ ಕಲ್ಲಿಲ್ಲದ ಎತ್ತರದ ಮಣ್ಣಿನ ದಿಬ್ಬ ಇರುವ ಜಾಗ ಹುಡುಕಿ.
• ದಿಬ್ಬದ ಆಚೆ ಬದಿಗೆ ನೀವೇ ನಡೆದು ಹೋಗಿ ಏನಿದೆ ನೋಡಿ ಬನ್ನಿ.
• 25 ಮೀಟರಿನಿಂದ ಶುರು ಮಾಡಿ.
• ಒಂದು ಅಳತೆಗೆ ಐದು ಗುಂಡು ಹೊಡೆದು, ತೂತುಗಳ ನಡುವಿನ ಅಂತರ ಅಳೆದು ಬರೆದಿಡಿ.
• ಕೋವಿ ತಯಾರಕರು ಹೇಳಿದ ಮಿತಿಯೊಳಗೇ ಅಳತೆ ಬದಲಿಸಿ. ಮಿತಿ ಗೊತ್ತಿಲ್ಲದ ಹಳೆಯ ಕೋವಿಯನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.
• ಕಣ್ಣಿಗೆ ಕನ್ನಡಕ, ಕಿವಿಗೆ ಬೆಣೆ ಹಾಕಿ. ಒಡೆದ ಕೇಪಿನ ತಾಮ್ರದ ಚೂರು ಹಿಂದಕ್ಕೂ ಹಾರುತ್ತದೆ.
• ನೋಡುವವರನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ.
• ಎರಡು ಕೊಡ ನೀರು ಪಕ್ಕದಲ್ಲಿಡಿ. ಬೇಸಿಗೆಯ ರಬ್ಬರ್ ತೋಟದ ತರಗೆಲೆಗೆ ಉರಿಯುವ ಒಂದು ಬಟ್ಟೆ ಚೂರು ಸಾಕು.

ದೂರದ ಗುರಿಯ ರೈಫಲ್

1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು 800, 900, 1000 ಗಜ ದೂರಕ್ಕೆ ಕರಿಮದ್ದಿನಲ್ಲೇ ಸೆಣಸಿದವು. ಐರಿಷರದು ಬಾಯಿಯಿಂದ ತುಂಬುವ ರಿಗ್ಬಿ ರೈಫಲ್; ಅಮೆರಿಕದವರದು ಹಿಂದಿನಿಂದ ತೋಟೆ ಹಾಕುವ ಶಾರ್ಪ್ಸ್, ರೆಮಿಂಗ್ಟನ್. ಅಂಕ 934ಕ್ಕೆ 931. ಐರಿಷ್ ತಂಡದ ಒಬ್ಬನ ಗುಂಡು ನಡುಬೊಟ್ಟಿಗೇ ಬಿತ್ತು, ಆದರೆ ಪಕ್ಕದ ಹಲಗೆಯ ಮೇಲೆ. ಸಿಗಬೇಕಿದ್ದದ್ದು 4 ಅಂಕ, ಸೋತದ್ದು 3ರಿಂದ. ಆದ್ದರಿಂದ:

• ಪ್ರತಿ ಗುಂಡಿಗೆ ಮೊದಲು ನಿಮ್ಮ ಹಲಗೆಯ ಸಂಖ್ಯೆ ಓದಿ.
• ಗುಂಡಿಗೆ 20 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿ, ಎಲ್ಲವನ್ನೂ ಒಂದೇ ಕರಗಿನಲ್ಲಿ ಎರೆಯಿರಿ.
• ಎರೆದ ಗುಂಡುಗಳನ್ನು ಒಂದೊಂದೇ ತೂಗಿ. ತೂಕ ತಪ್ಪಿದ್ದನ್ನು ಮತ್ತೆ ಕರಗಿಸಿ.
• ಮದ್ದನ್ನು ಉದ್ದ ಕೊಳವೆಯಿಂದ ನಿಧಾನ ಸುರಿಯಿರಿ. ಕಾಳುಗಳು ಒತ್ತಾಗಿ ಕೂರುತ್ತವೆ.
• ಮದ್ದಿನ ಮೇಲೆ ಬಿಲ್ಲೆ ಇಟ್ಟು, ಗುಂಡು ಅದನ್ನು ಒತ್ತಿಕೊಂಡು ಕೂರುವಂತೆ ತೋಟೆ ಕಟ್ಟಿ.
• ಎಲ್ಲ ತೋಟೆಗೂ ಒಂದೇ ತಯಾರಕರ, ಒಂದೇ ಕಾಳಿನ ಮದ್ದು ಬಳಸಿ.
• ಹೊಡೆದ ಮೇಲೆ, ಬ್ರೀಚ್ ತೆರೆದು ಖಾಲಿ ತೋಟೆ ತೆಗೆದು, ಹಿಂದಿನಿಂದ ಕೊಳವೆಯಲ್ಲಿ ಮೂರು ಉಸಿರು ಊದಿ. ಬಾಯಿಯ ತೇವಕ್ಕೆ ಒಳಗಿನ ಮಸಿ ಮೆದುವಾಗುತ್ತದೆ.
• ಗಾಳಿಯ ಬಾವುಟ ನೋಡಿ. 1000 ಗಜ ಮುಟ್ಟಲು ಗುಂಡಿಗೆ ಸುಮಾರು 3 ಸೆಕೆಂಡು ಬೇಕು, ಅಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ.
• ದಿನಾಂಕ, ಸೆಕೆ, ತೇವ, ಅಳತೆ, ಸೈಟಿನ ಅಂಕ ಪುಸ್ತಕದಲ್ಲಿ ಬರೆಯಿರಿ.

45-70 ಎಂಬ ಹಳೆಯ ತೋಟೆಯ ಹೆಸರಲ್ಲೇ ಲೆಕ್ಕವಿದೆ: ನಳಿಗೆಯ ಒಳ ಅಗಲ ಇಂಚಿನ ನೂರರಲ್ಲಿ 45 ಪಾಲು, ಮದ್ದು 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ. ಇಷ್ಟು ಅಗಲದ ನಳಿಗೆ 500 ಗ್ರೇನಿನ ಗುಂಡನ್ನು ಎಲ್ಲಿಗೆ ಒಯ್ಯುತ್ತದೆಂದು 1879ರಲ್ಲಿ ಅಮೆರಿಕದ ಸೇನೆ ಸ್ಯಾಂಡಿ ಹುಕ್ ಕಡಲತೀರದಲ್ಲಿ ಪರೀಕ್ಷಿಸಿತು. 3,500 ಗಜ ಹೋಯಿತು. ಮೂರು ಕಿಲೋಮೀಟರಿಗೂ ಮೇಲೆ. ಮನೆ, ಶಾಲೆ, ರಸ್ತೆ ಇಲ್ಲದ ಮೂರು ಕಿಲೋಮೀಟರ್ ಬಯಲು ಕಡಬ ತಾಲೂಕಿನಲ್ಲಿ ಎಲ್ಲೂ ಇಲ್ಲ. ಈ ರೈಫಲಿನ ಜಾಗ ಅನುಮತಿ ಪಡೆದ ರೇಂಜ್ ಮಾತ್ರ.

ತೊಳೆಯುವುದು

ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಆ ಉಪ್ಪು ಗಾಳಿಯ ನೀರು ಹೀರುತ್ತದೆ. ಪತ್ತನಾಜೆ ಕಳೆದ ಮೇಲಿನ ನಮ್ಮ ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿ ಸಾಕು, ನಳಿಗೆ ಕೆಂಪಾಗಿರುತ್ತದೆ.

• ಹೊಡೆದ ದಿನವೇ ತೊಳೆಯಿರಿ.
• ಬಿಸಿನೀರು, ಸಾಬೂನು ಹಾಕಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಉಜ್ಜಿ.
• ನಿಪ್ಪಲ್ ಬಿಚ್ಚಿ ಬೇರೆಯಾಗಿ ತೊಳೆಯಿರಿ.
• ಪೂರ್ತಿ ಒಣಗಿಸಿ ತೆಳುವಾಗಿ ಎಣ್ಣೆ ಹಚ್ಚಿ.
• ಮಳೆಗಾಲವಿಡೀ ವಾರಕ್ಕೊಮ್ಮೆ ತೆಗೆದು ನೋಡಿ.
• ಖಾಲಿ ತೋಟೆಗಳನ್ನು ಅಂದೇ ಸಾಬೂನು ನೀರಿಗೆ ಹಾಕಿ.

ಮಾಡಬಾರದ್ದು

• ಮನೆಯಲ್ಲಿ ಮದ್ದು ಅರೆಯುವುದು ಬೇಡ.
• ಪಟಾಕಿ, ಗರ್ನಾಲು ಬಿಚ್ಚಿ ಅದರ ಮದ್ದು ತುಂಬುವುದು ಬೇಡ.
• ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕಬಾರದು, ಒಂದು ಚಿಟಿಕೆಯೂ ಬೇಡ.
• ಎರಡು ಬಗೆಯ ಮದ್ದು ಬೆರೆಸುವುದು ಬೇಡ.
• ಕಣ್ಣಳತೆ ಬೇಡ. ಬೆಂಕಿಪೆಟ್ಟಿಗೆ ಅಳತೆ, ಅಂಗೈ ಅಳತೆ ಎರಡೂ ಬೇಡ.
• ದೂರ ಹೋಗಲೆಂದು ಮದ್ದು ಹೆಚ್ಚಿಸುವುದು ಬೇಡ.
• ಡಬ್ಬಿಯಿಂದ ನೇರ ನಳಿಗೆಗೆ ಸುರಿಯುವುದು ಬೇಡ.
• ನಳಿಗೆಯ ಬಾಯಿಯ ಮೇಲೆ ಅಂಗೈ, ಮುಖ, ಎದೆ ತರುವುದು ಬೇಡ.
• ಗುಂಡು ಅರ್ಧದಲ್ಲಿ ಸಿಕ್ಕಿಕೊಂಡರೆ ಹಾಗೇ ಹೊಡೆದು ತೆಗೆಯುವ ಪ್ರಯತ್ನ ಮಾಡಬಾರದು.
• ಸೀಸ ಸಿಗದಿದ್ದರೆ ಮೊಳೆ, ಬೋಲ್ಟು, ಸೈಕಲ್ ಗುಂಡು ತುಂಬುವುದು ಬೇಡ.
• ಹಳೆ ಬ್ಯಾಟರಿಯ ಸೀಸ ಕರಗಿಸುವುದು ಬೇಡ. ಅದರ ಹೊಗೆ ವಿಷ.
• ಅಡುಗೆ ಪಾತ್ರೆಯಲ್ಲಿ ಸೀಸ ಕರಗಿಸುವುದು ಬೇಡ.
• ಹೊಡೆಯುವ ದಿನ ನಳಿಗೆಗೆ ಎಂಜಿನ್ ಆಯಿಲ್, ಗ್ರೀಸ್ ಸವರುವುದು ಬೇಡ. ಮಸಿ ಸೇರಿ ಡಾಂಬರಾಗುತ್ತದೆ.
• ಸಿಡಿಯದ ಕೋವಿಯ ಬಾಯಿಗೆ ಕಣ್ಣಿಟ್ಟು ನೋಡಬಾರದು.
• ಸಿಡಿಯದ ಕೋವಿಯನ್ನು ತಿರುಗಿಸಿ ಬೇರೆಯವರ ಕೈಗೆ ಕೊಡುವುದು ಬೇಡ.
• ಮದ್ದಿನ ಹತ್ತಿರ ಬೀಡಿ, ಮೊಬೈಲ್ ಚಾರ್ಜರ್, ಚಿಮಣಿ ದೀಪ ಬೇಡ.
• ಒದ್ದೆ ಮದ್ದನ್ನು ಒಲೆ ಬದಿಯಲ್ಲೋ ಬಿಸಿಲಲ್ಲೋ ಒಣಗಿಸುವುದು ಬೇಡ.
• ಒಲೆಯ ಮೇಲಿನ ಅಟ್ಟ, ಅಡಿಕೆ ಒಣಗಿಸುವ ಗೂಡು, ರಬ್ಬರ್ ಹೊಗೆಗೂಡಿನ ಹತ್ತಿರ ಮದ್ದಿನ ಡಬ್ಬಿ ಬೇಡ. ಮಳೆಗಾಲದಲ್ಲಿ ಬೆಚ್ಚಗಿರುವ ಜಾಗ ಅದೇ, ಒಪ್ಪಿದೆ. ಆದರೂ ಬೇಡ.
• ಕುಡಿದು ಕೋವಿ ಮುಟ್ಟುವುದು ಬೇಡ.
• ತುಂಬಿದ ಕೋವಿಯನ್ನು ಮನೆಯೊಳಗೆ ತರಬಾರದು.
• ತುಂಬಿದ ಕೋವಿಯನ್ನು ಬೈಕಿನಲ್ಲಿ, ಜೀಪಿನಲ್ಲಿ ಒಯ್ಯುವುದು ಬೇಡ.
• ಕೋವಿ ಎರವಲು ಕೊಡುವುದು ಬೇಡ. ಅಣ್ಣನಿಗೂ ಬೇಡ.
• ನಳಿಗೆ ಮೋಟು ಮಾಡಿಸುವುದು, ಒಳಗೆ ಗೆರೆ ಕೊರೆಸುವುದು ಮಾಡಬಾರದು.
• ಪರವಾನಗಿಯಲ್ಲಿ ಇಲ್ಲದೆ ತೋಟೆ ಮರುತುಂಬುವ ಕೆಲಸ ಮಾಡಬಾರದು.

ಜಾಗದ ವಿಷಯ

• ಮುರಕಲ್ಲಿನ ಕೋರೆಯ ಗೋಡೆಗೆ ಹೊಡೆಯುವುದು ಬೇಡ; ಗುಂಡು ಅಲ್ಲಿಂದ ಹಿಂದಿರುಗುತ್ತದೆ.
• ಗುಂಡ್ಯ ಹೊಳೆಯ ನೀರಿನ ಕಡೆಗೆ ಹೊಡೆಯುವುದು ಬೇಡ. ನೀರಿಗೆ ಓರೆಯಾಗಿ ಬಿದ್ದ ಗುಂಡು ಪುಟಿದು ಆಚೆ ದಡ ಸೇರುತ್ತದೆ.
• ಮರದ ಮೇಲಿರುವ ಕಾಯಿಗೆ, ಆಕಾಶ ಹಿನ್ನೆಲೆಯಾಗಿರುವ ಯಾವುದಕ್ಕೂ ಗುರಿ ಬೇಡ.
• ಕತ್ತಲಲ್ಲಿ ಸದ್ದಿಗೆ ಹೊಡೆಯುವುದು ಬೇಡ.
• ಕತ್ತಲಲ್ಲಿ ಬೆಳಕಿಗೆ ಹೊಡೆಯುವುದು ಬೇಡ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿ ರಬ್ಬರ್ ತೋಟದಲ್ಲಿ ಓಡಾಡುವವರು ಟ್ಯಾಪಿಂಗ್‌ನವರು.

ಪ್ರಾಣಿಗಳ ವಿಷಯ

• ಅಭ್ಯಾಸವೆಂದು ಯಾವ ಪ್ರಾಣಿಗೂ ಪಕ್ಷಿಗೂ ಗುರಿ ಇಡುವುದು ಬೇಡ.
• ಆನೆ, ಕಾಡುಕೋಣ, ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅವುಗಳ ಕಡೆ ಕೋವಿ ತಿರುಗಿಸುವುದು ಬೇಡ.
• ಬೆಳೆ ರಕ್ಷಣೆಯ ಪರವಾನಗಿಯೇ ಬೇಟೆಯ ಪರವಾನಗಿ ಎಂದು ತಿಳಿಯುವುದು ಬೇಡ.
• ಹಗ್ಗ ಕಟ್ಟಿ ತಾನೇ ಸಿಡಿಯುವಂತೆ ಕೋವಿ ಹೂಡುವುದು ಮಾಡಬಾರದು.
• ಆನೆ ಬಂದರೆ ಕೇಪಿನ ಕೋವಿ ನಂಬಿ ಎದುರು ನಿಲ್ಲುವುದು ಬೇಡ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಒಂದೇ ಬೆಳಿಗ್ಗೆ ಆನೆಗೆ ಇಬ್ಬರು ಬಲಿಯಾದರು. ಚರೆಯ ಗಾಯ ಆನೆಯನ್ನು ಓಡಿಸುವುದಿಲ್ಲ, ಕೆರಳಿಸುತ್ತದೆ.

ಗಾಯವಾದರೆ ಕೋವಿಯನ್ನು ಇದ್ದಲ್ಲೇ ಬಿಟ್ಟು, ರಕ್ತ ಬರುವ ಜಾಗವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಪೊಲೀಸರಿಗೆ 112. ಕಾಡುಪ್ರಾಣಿ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಈ ಮೂರು ಸಂಖ್ಯೆಗಳನ್ನು ಕೋವಿಯ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ.